ಹುಲಿ 150 ಇವೆ, ಸರಿ. ಬಂಡೀಪುರದ ಆರೋಗ್ಯ ಹೇಗಿದೆ?

ಇವತ್ತು ಒಂದು ಸರಳ ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ. ಒಂದು ಕಾಡು ಆರೋಗ್ಯವಾಗಿದೆ ಅಂತ ಹೇಳೋದು ಹೇಗೆ?

2022ರ ಹುಲಿ ಗಣತಿ ನೆನಪಿರಬಹುದು. ಕರ್ನಾಟಕದಲ್ಲಿ 563 ಹುಲಿ. ಅದರಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಇದೇ ಸಂಖ್ಯೆ ಓಡಾಡ್ತು. ನನಗೂ ಖುಷಿ ಆಯ್ತು. ಆದರೆ ಈ ಸಂಖ್ಯೆ ಕಾಡಿನ ಬಗ್ಗೆ ಎಷ್ಟು ಹೇಳುತ್ತೆ, ಏನನ್ನು ಹೇಳಲ್ಲ ಅನ್ನೋದನ್ನ ಇವತ್ತು ಬಿಡಿಸಿ ನೋಡೋಣ.

ಮೊದಲು, ಹುಲಿಯನ್ನೇ ಯಾಕೆ ಎಣಿಸ್ತಾರೆ? ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು: ಜಿಂಕೆ, ಕಡವೆ, ಕಾಟಿ, ಕಾಡುಹಂದಿ ಇಂಥವು. ಬೇಟೆಪ್ರಾಣಿಗಳ ಸಂಖ್ಯೆ ಕುಸಿಯದೆ ಇರಬೇಕು ಅಂದ್ರೆ ಆ ಒಂದು ಹುಲಿಯ ಹಿಂದೆ ಸುಮಾರು 500 ಪ್ರಾಣಿ ಇರಬೇಕು ಅನ್ನೋದು ವಿಜ್ಞಾನಿಗಳ ಲೆಕ್ಕ. ಆ 500ಕ್ಕೂ ಹುಲ್ಲು, ಸೊಪ್ಪು, ನೀರು ಬೇಕು. ಹಾಗಾಗಿ ಹುಲಿ ಇದೆ ಅಂದ್ರೆ ಅದರ ಕೆಳಗಿನ ಇಡೀ ಮೆಟ್ಟಿಲು ಇದೆ ಅಂತ ಅರ್ಥ.

ಆದರೆ ಎಣಿಕೆಯೇ ತಪ್ಪಾದರೆ? ರಾಜಸ್ಥಾನದ ಸರಿಸ್ಕಾದಲ್ಲಿ ಅದೇ ಆಗಿದ್ದು. ಆಗೆಲ್ಲ ಹೆಜ್ಜೆಗುರುತು ನೋಡಿ ಲೆಕ್ಕ ಹಾಕ್ತಿದ್ರು. ಕಾಗದದ ಮೇಲೆ ಹುಲಿಗಳಿದ್ದವು. 2005ರ ಹೊತ್ತಿಗೆ ಹುಡುಕಿದರೆ ಕಾಡಲ್ಲಿ ಒಂದೂ ಇರಲಿಲ್ಲ.

ಈಗಿನ ವಿಧಾನದ ಬೇರು ನಮ್ಮ ನಾಗರಹೊಳೆಯಲ್ಲೇ ಇದೆ. ಅಲ್ಲಿ 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಬಳಸಿ ಹುಲಿ ಲೆಕ್ಕ ಶುರು ಮಾಡಿದರು. ನಮ್ಮ ಬೆರಳಚ್ಚಿನ ಹಾಗೆ ಪ್ರತಿ ಹುಲಿಯ ಪಟ್ಟೆಯೂ ಬೇರೆ. ಎಡಗಡೆ ಪಟ್ಟೆ ಬಲಗಡೆ ಇರಲ್ಲ. ಅದಕ್ಕೇ ದಾರಿಯ ಎರಡೂ ಬದಿ ಎದುರುಬದುರು ಕ್ಯಾಮೆರಾ ಕಟ್ಟೋದು. ಸಿಕ್ಕ ಹುಲಿಗಳು ಎಷ್ಟು ಸಲ ಮತ್ತೆ ಸಿಕ್ಕವು ಅನ್ನೋದರ ಮೇಲೆ, ಸಿಗದೇ ಉಳಿದವು ಎಷ್ಟಿರಬಹುದು ಅಂತ ಅಂದಾಜು ಮಾಡ್ತಾರೆ.

ಜಿಂಕೆಗೆ ಇಂಥ ಪಟ್ಟೆಯ ಗುರುತು ಇಲ್ಲವಲ್ಲ! ಅದಕ್ಕೆ ಬೇರೆ ದಾರಿ. ಕಾಡೊಳಗೆ ನೇರ ಗೆರೆಯಂಥ ದಾರಿ ಗುರುತು ಮಾಡಿ, ಬೆಳ್ಳಂಬೆಳಗ್ಗೆ ಸದ್ದಿಲ್ಲದೆ ನಡೀತಾರೆ. ಪ್ರಾಣಿ ಕಂಡರೆ ಎಷ್ಟಿವೆ, ಎಷ್ಟು ದೂರ, ಯಾವ ಕೋನದಲ್ಲಿ ಅಂತ ಬರೀತಾರೆ. ದೂರ ಹೆಚ್ಚಿದಷ್ಟೂ ಕಣ್ತಪ್ಪೋದು ಹೆಚ್ಚು. ಆ ಕಣ್ತಪ್ಪನ್ನೂ ಲೆಕ್ಕಕ್ಕೆ ಹಿಡಿದು ಚದರ ಕಿಲೋಮೀಟರಿಗೆ ಎಷ್ಟು ಪ್ರಾಣಿ ಅಂತ ಹೇಳ್ತಾರೆ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಬಂಡೀಪುರದ ರಸ್ತೆಯಲ್ಲಿ ಹೋಗುವಾಗ ಎರಡೂ ಕಡೆ ದಟ್ಟ ಹಸಿರು ಪೊದೆ, ಬಣ್ಣಬಣ್ಣದ ಪುಟ್ಟ ಹೂಗೊಂಚಲು ನೋಡಿರ್ತೀರಿ. ಅದು ಲಂಟಾನ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಗಿಡ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕೋಲ್ಕತ್ತದ ತೋಟಕ್ಕೆ ಅಂದಕ್ಕೆ ಅಂತ ತಂದಿದ್ದು. ಹಣ್ಣು ತಿಂದ ಪಿಕಳಾರದಂಥ ಹಕ್ಕಿಗಳು ಬೀಜವನ್ನ ದೇಶ ತುಂಬಾ ಬಿತ್ತಿದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತದ ಹುಲಿ ನೆಲೆಗಳಲ್ಲಿ ಶೇ. 40ರಷ್ಟು ಭಾಗಕ್ಕೆ ಲಂಟಾನ ಹಬ್ಬಿದೆ.

ಇದರ ಕೆಳಗೆ ಹುಲ್ಲು ಬೆಳೆಯಲ್ಲ. ಜಿಂಕೆ, ಕಾಟಿ ಇದನ್ನ ಅಷ್ಟಾಗಿ ಮೇಯಲ್ಲ. ದನಕ್ಕಂತೂ ಇದು ವಿಷ. ಬೇಸಿಗೆಯಲ್ಲಿ ಒಣಗಿ ನಿಂತರೆ ನೆಲದ ಬೆಂಕಿಯನ್ನ ಮರದ ತುದಿಗೆ ಏರಿಸೋ ಏಣಿ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟಿದ್ದನ್ನ ಟಿವಿಯಲ್ಲಿ ನೋಡಿದ್ದೀವಿ. ತಮಾಷೆ ಅಂದ್ರೆ, ಉಪಗ್ರಹದ ಚಿತ್ರದಲ್ಲಿ ಲಂಟಾನವೂ ಹಸಿರೇ, ಹುಲ್ಲೂ ಹಸಿರೇ. ಹಸಿರಾಗಿ ಕಂಡಿದ್ದೆಲ್ಲ ಮೇವಲ್ಲ.

ಅದಕ್ಕೇ ನೆಲಕ್ಕೆ ಇಳಿದು ನೋಡಬೇಕು. ಅಲ್ಲಲ್ಲಿ ಸಣ್ಣ ವೃತ್ತ ಗುರುತು ಮಾಡಿ, ಅದರೊಳಗೆ ಯಾವ ಸಸಿ ಎಷ್ಟಿವೆ ಅಂತ ಎಣಿಸ್ತಾರೆ. ದೊಡ್ಡ ಮರಗಳಿವೆ, ಸಸಿಗಳೇ ಇಲ್ಲ ಅಂದ್ರೆ ಆ ಕಾಡು ನಮ್ಮ ಎಷ್ಟೋ ಹಳ್ಳಿಗಳ ಹಾಗೆ. ಅಜ್ಜ ಅಜ್ಜಿ ಜಗಲಿ ಮೇಲೆ ಕೂತಿದ್ದಾರೆ, ಮಕ್ಕಳೆಲ್ಲ ಬೆಂಗಳೂರಲ್ಲಿ. ಹೊರಗಿನಿಂದ ನೋಡಿದರೆ ಊರು ಇದೆ. 30 ವರ್ಷ ಬಿಟ್ಟು?

ಇಲ್ಲಿ ಸೋಲಿಗರ ಮಾತನ್ನೂ ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ನೆಲದ ತರಗೆಲೆಗೆ ಸಣ್ಣ ಬೆಂಕಿ ಇಡ್ತಿದ್ರು. ಅದಕ್ಕೆ ತರಗು ಬೆಂಕಿ ಅಂತಲೇ ಹೆಸರು. ಅದು ನಿಂತ ಮೇಲೆ ಲಂಟಾನ ಹೆಚ್ಚಾಯ್ತು, ನೆಲ್ಲಿ ಮರಕ್ಕೆ ಬಂದಳಿಕೆ ಹಿಡೀತು ಅಂತ ಅವರು ಹೇಳ್ತಾರೆ. ಸಂಶೋಧಕರು ಇದನ್ನ ಗಂಭೀರವಾಗಿ ತಗೊಂಡು ಅಧ್ಯಯನ ಮಾಡಿದ್ದಾರೆ. ಹಾಗಂತ ಕಾಡಿಗೆ ಬೆಂಕಿ ಇಡಿ ಅಂತಲ್ಲ. ತಲೆಮಾರುಗಳಿಂದ ಅಲ್ಲೇ ಬದುಕಿದವರ ಕಣ್ಣೂ ಒಂದು ಅಳತೆಗೋಲು ಅಂತ ನನ್ನ ಮಾತು.

ಇನ್ನೊಂದು ಅಳತೆಗೋಲು ರಣಹದ್ದು. ಹುಲಿ ತಿಂದು ಬಿಟ್ಟಿದ್ದನ್ನ ಚೊಕ್ಕ ಮಾಡೋರು ಇವರೇ. ಆದರೆ ಇವು ಸತ್ತಿದ್ದು ಕಾಡಿನ ಕಾಯಿಲೆಯಿಂದ ಅಲ್ಲ, ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿಯಿಂದ. 2006ರಲ್ಲಿ ಪಶುಗಳಿಗೆ ಅದನ್ನ ಕೊಡೋದು ನಿಷೇಧ ಆಯ್ತು. ಅಂದ್ರೆ ಕಾಡಿನ ಆರೋಗ್ಯ ಕಾಡಿನ ಗಡಿಯೊಳಗೆ ಮುಗಿಯಲ್ಲ. ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡು ಎಲ್ಲ ಒಂದಕ್ಕೊಂದು ಅಂಟಿಕೊಂಡ ಕಾಡು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಇದೇ ಕಾರಣಕ್ಕೆ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ನಿರ್ಬಂಧ ಬಂತು.

"ಬಂಡೀಪುರಕ್ಕೆ ಸರ್ಕಾರದ ಮೌಲ್ಯಮಾಪನದಲ್ಲೇ 'ಅತ್ಯುತ್ತಮ' ಸಿಕ್ಕಿದೆಯಲ್ಲ" ಅಂತ ನೀವು ಕೇಳಬಹುದು. ಸಿಕ್ಕಿದೆ, ನಿಜ. ಆದರೆ ಅದು ಮುಖ್ಯವಾಗಿ ನಿರ್ವಹಣೆಗೆ ಕೊಡೋ ಅಂಕ: ಯೋಜನೆ, ಸಿಬ್ಬಂದಿ, ಗಸ್ತು, ಹಣದ ಬಳಕೆ. ಆಸ್ಪತ್ರೆ ಚೆನ್ನಾಗಿದೆ ಅನ್ನೋದು ಬೇರೆ, ರೋಗಿ ಹುಷಾರಾಗಿದ್ದಾನೆ ಅನ್ನೋದು ಬೇರೆ.

ಹುಲಿಯ ಸಂಖ್ಯೆ ತಡವಾಗಿ ಸುದ್ದಿ ಕೊಡುತ್ತೆ. ಹುಲ್ಲು ಹೋಗಿ, ಜಿಂಕೆ ಕಡಿಮೆಯಾಗಿ, ಆಮೇಲೆ ಹುಲಿಗೆ ಗೊತ್ತಾಗೋದು. ಅಷ್ಟರಲ್ಲಿ ಮೊದಲ ಪೆಟ್ಟು ಬೀಳೋದು ಕಾಡಂಚಿನ ರೈತನ ಕೊಟ್ಟಿಗೆಗೆ.

ಮುಂದಿನ ಸಲ ಸಫಾರಿಗೆ ಹೋದಾಗ ಹುಲಿ ಕಾಣಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಕೆಳಗೆ ನೋಡಿ. ಹುಲ್ಲಿದೆಯಾ, ಪೊದೆ ಇದೆಯಾ? ದೊಡ್ಡ ಮರದ ಬುಡದಲ್ಲಿ ಅದರದ್ದೇ ಸಸಿ ಇದೆಯಾ? ಇದ್ದರೆ ಆ ಕಾಡಿಗೆ ನಾಳೆ ಇದೆ.