ಡಿಸ್ಚಾರ್ಜ್ ಫೈಲಿನಲ್ಲೇ ಉಳಿದುಹೋಗುವ ಒಂದು ಸಾಲು

ಪುತ್ತೂರು ತಾಲೂಕಿನ ಕೆದಂಬಾಡಿ, ತಿಂಗಳಾಡಿ ಕಡೆಯ ಮನೆಗಳಲ್ಲಿ ಆಸ್ಪತ್ರೆ ಖರ್ಚಿನ ಮಾತು ಬಂದರೆ ಮೊದಲು ಕೇಳುವ ಪ್ರಶ್ನೆ, ಕಾರ್ಡು ಉಂಟಾ? ಬಿಪಿಎಲ್ ಕುಟುಂಬದವರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಇರುತ್ತದೆ, ಸಹಕಾರಿ ಸಂಘದ ಸದಸ್ಯರಲ್ಲಿ ಅನೇಕರು ಯಶಸ್ವಿನಿಗೆ ಸೇರಿರುತ್ತಾರೆ. ಹರ್ನಿಯಾವೋ, ಗರ್ಭಕೋಶದ ತೊಂದರೆಯೋ, ಅಡಿಕೆ ಮರದಿಂದ ಬಿದ್ದು ಮುರಿದ ಮೂಳೆಯೋ, ಅಂತೂ ಆಪರೇಷನ್ ಎಂದಾದರೆ ಅದಕ್ಕೆ ಮುಂಚೆ ರಕ್ತ ತೆಗೆಯುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರನ್ನೂ ನೋಡುವುದು ಸಾಮಾನ್ಯ ರೂಢಿ.

ಮೂರನೆಯದರ ಎದುರು ಅಪರೂಪಕ್ಕೆ ಒಬ್ಬರಿಗೆ ‘ರಿಯಾಕ್ಟಿವ್’ ಎಂದು ಬರುತ್ತದೆ. ಶಸ್ತ್ರಚಿಕಿತ್ಸಕರು ಎರಡು ಜೊತೆ ಗ್ಲೌಸ್ ಹಾಕಿಕೊಳ್ಳುತ್ತಾರೆ, ಸಿಬ್ಬಂದಿ ಹುಷಾರಾಗಿರುತ್ತಾರೆ, ಆಪರೇಷನ್ ಮುಗಿಯುತ್ತದೆ, ಹೊಲಿಗೆ ಬಿಚ್ಚಿಸಿಕೊಂಡು ರೋಗಿ ಮನೆಗೆ ಹೋಗುತ್ತಾನೆ. ಡಿಸ್ಚಾರ್ಜ್ ಫೈಲಿನ ಎರಡನೇ ಪುಟದಲ್ಲಿ ‘ಆ್ಯಂಟಿ ಎಚ್‌ಸಿವಿ: ರಿಯಾಕ್ಟಿವ್’ ಎಂಬ ಸಾಲು ಹಾಗೇ ಉಳಿಯುತ್ತದೆ. ಮುಂದೇನು ಮಾಡಬೇಕೆಂದು ಅನೇಕ ಕಡೆ ಯಾರೂ ಹೇಳುವುದಿಲ್ಲ. ಆ ಪರೀಕ್ಷೆ ನಡೆದದ್ದೇ ಥಿಯೇಟರಿನವರ ಸುರಕ್ಷೆಗಾಗಿ. ರೋಗಿಯ ಯಕೃತ್ತಿನ ಯೋಚನೆ ಅಲ್ಲಿ ಯಾರ ಹೊಣೆಯೂ ಆಗಿರುವುದಿಲ್ಲ. ಇದು ಸಣ್ಣ ಲೋಪವಲ್ಲ.

ಕಾಮಾಲೆ ಎಂದರೆ ಕಣ್ಣು ಹಳದಿಯಾಗಬೇಕು, ಆಮೇಲೆ ನಾಟಿ ಮದ್ದಿಗೆ ಓಡಬೇಕು ಎಂಬ ಲೆಕ್ಕ ಹೆಪಟೈಟಿಸ್ ಸಿಗೆ ಹೊಂದುವುದಿಲ್ಲ. ಇದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ಊಟ, ನೀರು, ಸ್ಪರ್ಶದಿಂದ ಹರಡುವುದಿಲ್ಲ. ಭಾರತದ ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕಿಂತ ಹಿಂದೆ ರಕ್ತ ಪಡೆದವರು, ಸರಿಯಾಗಿ ಶುದ್ಧಿ ಮಾಡದ ಸೂಜಿಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಸೋಂಕು ತಗಲಿದವರಲ್ಲಿ ಸುಮಾರು ನೂರಕ್ಕೆ ಮೂವತ್ತು ಮಂದಿಗೆ ಆರು ತಿಂಗಳೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಉಳಿದವರ ಯಕೃತ್ತಿನಲ್ಲಿ ಅದು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಬೀಡುಬಿಟ್ಟು, ಕೆಲವರಲ್ಲಿ ಯಕೃತ್ತು ಗಟ್ಟಿಯಾಗುವ ಸಿರೋಸಿಸ್‌ಗೆ, ಕ್ಯಾನ್ಸರಿಗೆ ದಾರಿ ಮಾಡುತ್ತದೆ.

ಹೀಗಾಗಿ ರಿಯಾಕ್ಟಿವ್ ಎಂದ ಮಾತ್ರಕ್ಕೆ ವೈರಸ್ ಈಗಲೂ ಇದೆ ಎಂದಲ್ಲ. ಆ ಪರೀಕ್ಷೆ ಹುಡುಕುವುದು ಪ್ರತಿಕಾಯವನ್ನು, ವಾಸಿಯಾದವರ ರಕ್ತದಲ್ಲೂ ಅದು ಉಳಿಯುತ್ತದೆ. ಆದ್ದರಿಂದ ಎರಡನೆಯದಾಗಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಆಗಲೇಬೇಕು. ಟಿಬಿ ಪತ್ತೆಗೆ ಬಳಸುವ ಸಿಬಿನ್ಯಾಟ್ ಯಂತ್ರದಲ್ಲೇ ಬೇರೆ ಕಾರ್ಟ್ರಿಜ್ ಹಾಕಿ ಇದನ್ನೂ ಮಾಡಬಹುದು.

ವೈರಸ್ ಇದೆ ಎಂದಾದರೆ ಹೆದರಬೇಕಿಲ್ಲ. 1989ರಲ್ಲಿ ಗುರುತಿಸಿದ ಈ ವೈರಸ್ಸಿನ ಶೋಧಕ್ಕೆ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಬಂತು. ಅಷ್ಟರಲ್ಲಿ ಮದ್ದೂ ಬಂದಾಗಿತ್ತು. 2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್ಬುವಿರ್ ಹೊರಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್, ಹನ್ನೆರಡು ವಾರಕ್ಕೆ 84,000 ಡಾಲರ್. 2014ರಲ್ಲಿ ಭಾರತದ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಸಿಕ್ಕಿತು, ಬೆಲೆ ಕುಸಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ ಜೊತೆ ಡಕ್ಲಾಟಾಸ್ವಿರ್, ದಿನಕ್ಕೊಮ್ಮೆ, ಹನ್ನೆರಡು ವಾರ. ಈ ಬಗೆಯ ಮದ್ದಿನಿಂದ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ.

ಹಾಗಾದರೆ ತಡೆ ಎಲ್ಲಿ? ಆಯುಷ್ಮಾನ್ ಕಾರ್ಡು ಮುಖ್ಯವಾಗಿ ಕೆಲಸ ಮಾಡುವುದು ಅಡ್ಮಿಟ್ ಆದಾಗ. ಹೊರರೋಗಿ ವಿಭಾಗದ ಚೀಟಿ, ಮಾತ್ರೆಗೆ ಅದು ಅನ್ವಯಿಸುವುದಿಲ್ಲ. ಈ ಮದ್ದಿಗೋ ಹಾಸಿಗೆಯೇ ಬೇಡ. ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿ ಮಲಗಿದ ಮೇಲೆ ನೆರವಿಗೆ ಬರುವ ಕಾರ್ಡು, ಅದನ್ನು ತಪ್ಪಿಸಬಹುದಾದ ಕಾಲದಲ್ಲಿ ಸುಮ್ಮನಿರುತ್ತದೆ. ಉಚಿತ ಮಾತ್ರೆ ಇರುವುದು ಇನ್ನೊಂದು ಯೋಜನೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ರೋಗಿಯ ಕೈಹಿಡಿದು ದಾಟಿಸುವವರು ಬೇಕು.

ವಿಮೆ ಗಟ್ಟಿ ಇರುವ ಕಡೆಯೂ ಇದೇ ಕಥೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಖಾಸಗಿ ವಿಮೆ ಇದ್ದವರಲ್ಲೂ ರೋಗ ಖಚಿತವಾದ ಒಂದು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದವರು ನೂರಕ್ಕೆ 35 ಮಂದಿ. ಬಡವರ ಸರಕಾರಿ ವಿಮೆಯಾದ ಮೆಡಿಕೇಡ್‌ನಲ್ಲಿ 23. ನಮ್ಮಲ್ಲೂ ಸಂಖ್ಯೆ ಸಣ್ಣದಲ್ಲ, ಭಾರತದಲ್ಲಿ ಸುಮಾರು 55 ಲಕ್ಷ ಮಂದಿಗೆ ಈ ಸೋಂಕಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜು.

ಹಳೆಯ ಆಪರೇಷನ್ ಫೈಲು ಅಟ್ಟದಲ್ಲಿದ್ದರೆ ಇಳಿಸಿ ನೋಡಬೇಕು. ಆ ಸಾಲು ಕಂಡರೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಆರ್‌ಎನ್‌ಎ ಪರೀಕ್ಷೆ ಎಲ್ಲಿ ಆಗುತ್ತದೆಂದು ಕೇಳಬೇಕು. ಮದ್ದು ಮುಗಿದು ಹನ್ನೆರಡು ವಾರದ ಮೇಲೆ ಮತ್ತೊಮ್ಮೆ ರಕ್ತ ಕೊಡಬೇಕು, ಆಗಲೂ ವೈರಸ್ ಕಾಣದಿದ್ದರೆ ಗುಣವಾದಂತೆ. ಸಿರೋಸಿಸ್ ಬಂದಿದ್ದವರು ಮಾತ್ರ ಆಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು.