ಕುಷ್ಟಗಿಗೂ ಬಂತು ರೈಲು

2025ರ ಮೇ 15ರಂದು ಕುಷ್ಟಗಿ ರೈಲು ನಿಲ್ದಾಣ ಉದ್ಘಾಟನೆಯಾಯಿತು. ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಅಂದು ಹುಬ್ಬಳ್ಳಿ ಗಾಡಿಗೆ ಹಸಿರು ನಿಶಾನೆ ತೋರಿಸಿದರು. ಇದೇ ಜಿಲ್ಲೆಯ ಕೊಪ್ಪಳಕ್ಕೆ ರೈಲು ಬಂದದ್ದು 1880ರ ದಶಕದಲ್ಲಿ. ಬಸ್ಸಿನಲ್ಲಿ ಕೊಪ್ಪಳದಿಂದ ಕುಷ್ಟಗಿ ದೂರವೇನಲ್ಲ. ಆದರೂ ಹಳಿ ಅಲ್ಲಿಗೆ ಮುಟ್ಟಲು ಸುಮಾರು 140 ವರ್ಷ ಬೇಕಾಯಿತು.

ಕೊಪ್ಪಳದ ಹಳಿ ಬರಗಾಲದ ಫಲ. 1876–78ರ ಬರದಲ್ಲಿ ಬಳ್ಳಾರಿ, ಧಾರವಾಡ ಸೀಮೆಯ ಜನ, ದನ ಲೆಕ್ಕವಿಲ್ಲದಂತೆ ಸತ್ತರು. ಬೇರೆಡೆ ಕಾಳಿದ್ದರೂ ಎತ್ತುಗಳೇ ಉಳಿಯದ ಊರುಗಳಿಗೆ ಅದನ್ನು ಸಾಗಿಸುವ ದಾರಿ ಇರಲಿಲ್ಲ. ಆ ಪಾಠದಿಂದಲೇ ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು. ಕಡಿಮೆ ಖರ್ಚಿನ ಮೀಟರ್‌ಗೇಜ್ ಹಳಿಯನ್ನು ಅದು ಗದಗ, ಹೊಸಪೇಟೆ, ಬಳ್ಳಾರಿ ಮೂಲಕ ಗುಂತಕಲ್ಲಿನತ್ತ ಹಾಕಿತು. ಗದಗ, ಹೊಸಪೇಟೆ ಎರಡೂ ಬ್ರಿಟಿಷರ ಕೈಯಲ್ಲಿದ್ದವು. ನಡುವಿನ ಕೊಪ್ಪಳ ನಿಜಾಮರ ಹೈದರಾಬಾದಿಗೆ ಸೇರಿದ, ಸಾಲಾರ್ ಜಂಗ್ ಮನೆತನದ ಜಹಗೀರು. ಹೀಗಾಗಿ ಹಳಿ ಈ ಸೀಮೆಯ ದಕ್ಷಿಣದ ಅಂಚನ್ನಷ್ಟೇ ಸವರಿಕೊಂಡು ತುಂಗಭದ್ರೆ ದಾಟಿತು.

ಪೂರ್ವದಲ್ಲಿ ರಾಯಚೂರಿಗೆ 1871ರಲ್ಲೇ ರೈಲು ಬಂದಿತ್ತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡಿತು. ಗದಗಿನಿಂದ ಪಶ್ಚಿಮದ ಅಂಚಿನಲ್ಲಿ ಬಾಗಲಕೋಟೆ, ವಿಜಯಪುರದ ಹಳಿ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರಗಳ ಸುತ್ತಲೂ ರೈಲು, ಊರೊಳಗೆ ಮಾತ್ರ ಇರಲಿಲ್ಲ.

ಕೊಪ್ಪಳದ ಹಳೆಯ ಮಾರ್ಗದ ನಿಲ್ದಾಣಗಳಿಗೆ ಒಂದೊಂದಕ್ಕೂ ತನ್ನದೇ ಗಿರಾಕಿಗಳಿದ್ದಾರೆ. ಮುನಿರಾಬಾದಿನಲ್ಲಿ ಇಳಿಯುವವರಲ್ಲಿ ಬಹಳ ಮಂದಿ ಹುಲಗಿಯ ಹುಲಿಗೆಮ್ಮನ ಭಕ್ತರು. ಹುಣ್ಣಿಮೆ ಬಂದರೆ ಕಾಲಿಡಲು ಜಾಗ ಸಿಗದು. ಗಿಣಿಗೇರಾ ಸುತ್ತ ಉಕ್ಕಿನ ಕಾರ್ಖಾನೆಗಳು. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಜನ. ಬನ್ನಿಕೊಪ್ಪ ಸಣ್ಣ ನಿಲ್ದಾಣವಾದರೂ ಇಟಗಿಯ ಮಹಾದೇವ ದೇವಾಲಯಕ್ಕೆ ಹತ್ತಿರದ್ದು. 1112ರಲ್ಲಿ ಕಟ್ಟಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದ ಗುಡಿಯದು. ಅದನ್ನು ನೋಡಲು ರೈಲಿನಲ್ಲಿ ಬರುವವರು ಇಷ್ಟು ಕಡಿಮೆ ಇರುವುದು ನೋವಿನ ಸಂಗತಿ. 1990ರ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್ ಆಯಿತು. 2003ರಿಂದ ಅದು ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ ಸೇರಿದೆ.

ಗಂಗಾವತಿಯ ಕಥೆ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಭತ್ತ, ಅಕ್ಕಿ ಗಿರಣಿಗಳು ಎಲ್ಲವೂ ಇದ್ದ ಊರಿಗೂ ರೈಲು ಇರಲಿಲ್ಲ. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ 1997–98ರಲ್ಲಿ ಮಂಜೂರಾಯಿತು. ಕೊಪ್ಪಳ ಜಿಲ್ಲೆ ಹುಟ್ಟಿದ್ದೂ 1997ರಲ್ಲೇ. ಗಂಗಾವತಿಯಿಂದ ಪ್ರಯಾಣಿಕರ ಗಾಡಿ ಹೊರಟಾಗ 2019 ಆಗಿತ್ತು. ಮುಂದೆ ಕಾರಟಗಿ, 2024ರಲ್ಲಿ ಸಿಂಧನೂರು.

ಕುಷ್ಟಗಿಯ ಹಳಿ ಗದಗ–ವಾಡಿ ಯೋಜನೆಯ ಭಾಗ. ಇಡೀ ಮಾರ್ಗ 250 ಕಿಲೋಮೀಟರಿಗೂ ಹೆಚ್ಚು, ಮಂಜೂರಾದದ್ದು 2013–14ರಲ್ಲಿ. ಹಳೆಯ ಮಾರ್ಗದ ತಳಕಲ್ಲಿನಲ್ಲಿ ಕವಲೊಡೆದು ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿ ಸೇರುತ್ತದೆ. ಗಾಡಿ ಬಂದರೂ ಹೋದರೂ ಗಮನಕ್ಕೆ ಬಾರದಿದ್ದ ತಳಕಲ್ ಈಗ ಎರಡು ದಾರಿ ಕೂಡುವ ಠಾವು.

ಈ ಮಳೆಯಾಶ್ರಿತ ಸೀಮೆಗೆ ರೈಲು ಶೋಕಿಯ ವಸ್ತುವಲ್ಲ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಹಾಸಿಗೆ, ಪಾತ್ರೆ, ಮಕ್ಕಳ ಸಮೇತ ಜನ ಗುಳೆ ಹೊರಡುತ್ತಾರೆ. ಕೆಲವರು ಬೆಂಗಳೂರಿಗೆ, ಕೆಲವರು ಮಂಗಳೂರಿಗೆ, ಗೋವಾಕ್ಕೆ. ಅವರನ್ನು ಇಷ್ಟು ದಿನ ಸಾಗಿಸಿದ್ದು ರಾತ್ರಿ ಬಸ್ಸು. ಕಿಮ್ಸ್ ಆಸ್ಪತ್ರೆಗೆ ಹುಬ್ಬಳ್ಳಿವರೆಗೆ ರೋಗಿಯನ್ನು ಕರೆದೊಯ್ಯುವವರಿಗೂ ರೈಲಿನ ಅಗ್ಗದ ಟಿಕೆಟ್ಟು, ಕಾಲು ಚಾಚುವಷ್ಟು ಜಾಗ ದೊಡ್ಡ ಆಸರೆ. ಗಾಡಿ ಓಡಿದರಷ್ಟೇ ಸಾಲದು. ಅದರ ಹೊತ್ತು ಗದಗ, ಹುಬ್ಬಳ್ಳಿಯಲ್ಲಿ ಗೋವಾ, ಬೆಂಗಳೂರು ಗಾಡಿಗಳ ಹೊತ್ತಿಗೆ ಕೂಡಿಬರಬೇಕು. ಮಗು, ಗಂಟುಮೂಟೆ ಹೊತ್ತವರನ್ನು ಪ್ಲಾಟ್‌ಫಾರ್ಮಿನಲ್ಲಿ ಅರ್ಧ ದಿನ ಕೂರಿಸುವ ವೇಳಾಪಟ್ಟಿ ಅವರನ್ನು ಮತ್ತೆ ಬಸ್ಸಿಗೇ ಹತ್ತಿಸುತ್ತದೆ.