ಮಳೆ ಕಾಣದ ಮಣ್ಣಿನ ಲೆಕ್ಕ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಳೆಯ ಪಾಲಿಹೌಸ್‌ಗಳಲ್ಲಿ ಜರ್ಬೆರಾ ಮಡಿಗಳ ಅಂಚು ನೋಡಿ. ಕೆಲವೆಡೆ ಕೆಮ್ಮಣ್ಣಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕೂತಿರುತ್ತದೆ. ಗೊಬ್ಬರದಿಂದಲೂ ಕೊಳವೆಬಾವಿ ನೀರಿನಿಂದಲೂ ಬಂದು, ಗಿಡ ಉಣ್ಣದೆ ಉಳಿದ ಉಪ್ಪು ಅದು.

ಬಯಲು ಹೊಲದಲ್ಲಾದರೆ ಮುಂಗಾರು ಇಂಥ ಉಪ್ಪನ್ನು ಕೆಳಕ್ಕಿಳಿಸುತ್ತದೆ. ಪ್ಲಾಸ್ಟಿಕ್ ಸೂರಿನಡಿ ಮಳೆಯೇ ಇಲ್ಲ. ಡ್ರಿಪ್‌ನಲ್ಲಿ ಬಂದ ನೀರನ್ನು ಗಿಡವೂ ಬಿಸಿಲೂ ಹೀರುತ್ತವೆ, ಉಪ್ಪು ಕೂತಲ್ಲೇ ಕೂರುತ್ತದೆ. ಅದು ಹೆಚ್ಚಿದಷ್ಟೂ ಬೇರಿಗೆ ನೀರೆಳೆಯುವುದು ಕಷ್ಟ. ರಂಜಕ ಮಿತಿಮೀರಿದರೆ ಕಬ್ಬಿಣ, ಸತು ಸರಿಯಾಗಿ ದಕ್ಕದೆ ಚಿಗುರೆಲೆ ಹಳದಿಗೆ ತಿರುಗುತ್ತದೆ. ಹಳದಿ ಕಂಡ ಕೂಡಲೇ ಡ್ರಿಪ್‌ಗೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಗೊಬ್ಬರವನ್ನು ಇನ್ನಷ್ಟು ಬಿಡುವುದು, ಅಜೀರ್ಣವಾದವನಿಗೆ ಹೋಳಿಗೆ ಬಡಿಸಿದಂತೆ.

ನೀರು ಧಾರಾಳ ಬಿಟ್ಟು ತೊಳೆದರಾಯಿತಲ್ಲ ಎನ್ನಬಹುದು. ತೊಳೆದ ನೈಟ್ರೇಟ್ ಇಳಿಯುವುದು ಅಂತರ್ಜಲಕ್ಕೆ. ಊರು ಕುಡಿಯುವುದೂ ಅದನ್ನೇ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ದಾಟಬಾರದೆಂಬುದು ಭಾರತೀಯ ಮಾನಕ. ಸರಿಯಾಗಿ ಆ ಗೆರೆಯಲ್ಲಿರುವ ನೀರನ್ನು ಹತ್ತು ಗುಂಟೆ ಪಾಲಿಹೌಸಿಗೆ ದಿನಕ್ಕೆ 4,000 ಲೀಟರಿನಂತೆ ಕೊಟ್ಟರೆ, ತಿಂಗಳಿಗೆ ಸುಮಾರು 1.2 ಕೆ.ಜಿ. ಸಾರಜನಕ ಪುಕ್ಕಟೆ ಬಂದಂತಾಯಿತು. ಹೆಚ್ಚುಕಮ್ಮಿ 8 ಕೆ.ಜಿ. ಕ್ಯಾಲ್ಸಿಯಂ ನೈಟ್ರೇಟಿನಲ್ಲಿರುವಷ್ಟು! ಗೊಬ್ಬರದ ಚೀಟಿಯಲ್ಲಿ ಅಷ್ಟನ್ನು ಕಳೆಯಲೇಬೇಕು.

ಹಾಗಾಗಿ ಗೊಬ್ಬರಕ್ಕಿಂತ ಮೊದಲು ಪರೀಕ್ಷೆ. ನಾಟಿಗೆ ಮುಂಚೆ ಮಣ್ಣು, ನೀರು ಎರಡನ್ನೂ ಪ್ರಯೋಗಾಲಯಕ್ಕೆ ಕಳಿಸಿ. ಆಮೇಲೆ ತಿಂಗಳಿಗೊಮ್ಮೆ ಒಂದು ಪಾಲು ಮಣ್ಣಿಗೆ ಎರಡು ಪಾಲು ಬಟ್ಟಿ ಇಳಿಸಿದ ನೀರು ಕಲಸಿ, ಸೋಸಿ, ಉಪ್ಪಿನ ಮಟ್ಟ ತೋರುವ ಇ.ಸಿ. ಮೀಟರ್ ಅದ್ದಿ ಅಂಕಿ ಬರೆದಿಡಿ. ಅಂಕಿ ಏರುತ್ತಲೇ ಇದ್ದರೆ ಗೊಬ್ಬರ ಇಳಿಸುವ ಹೊತ್ತು ಬಂತೆಂದು ಅರ್ಥ. ರಂಜಕ ಸಾಕಷ್ಟಿದ್ದರೆ 19:19:19 ಬಿಟ್ಟು, ರಂಜಕವಿಲ್ಲದ ಪೊಟ್ಯಾಸಿಯಂ ನೈಟ್ರೇಟ್ ಸಾಕು. ಒಮ್ಮೆಲೇ ಸುರಿಯುವುದಕ್ಕಿಂತ ದಿನಕ್ಕಿಷ್ಟು ಎಂದು ಕೊಡುವುದು ಲೇಸು. ಮೋಡ ಕವಿದು ಗಿಡದ ಬೆಳವಣಿಗೆ ನಿಧಾನವಾದ ವಾರ ಪ್ರಮಾಣವೂ ತಗ್ಗಲಿ. ಮಡಿಗೆ ಸೇರಿಸಿದ ಕೊಟ್ಟಿಗೆ ಗೊಬ್ಬರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ದಾರಿ ತಲೆಯ ಮೇಲೆಯೇ ಇದೆ. ಹತ್ತು ಗುಂಟೆ ಸೂರಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 10,000 ಲೀಟರ್ ನೀರು. ಮೇಲಿನ ಲೆಕ್ಕದಲ್ಲಿ ಎರಡೂವರೆ ದಿನದ ಡ್ರಿಪ್. ಅದರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಸೂರಿನ ದೋಣಿಗೆ ಪೈಪು ಜೋಡಿಸಿ ಕೃಷಿ ಹೊಂಡಕ್ಕೆ ತಿರುಗಿಸಿದರೆ, ಹೊರಗೇ ತಡೆದ ಮಳೆ ಡ್ರಿಪ್ ಹಿಡಿದು ಒಳಗೆ ಬರುತ್ತದೆ.